ಕೈ ಎತ್ತಿದ ಮನೆಗೊಂದಾಳು

"ಏನಲೇ ಹುಲುಗ, ಹಲಗಿ ಬಡಿಯಾಕ ನಿನಗೂ ಮುಹೂರ್ತ ತಗಸಬೇಕೇನು? ಹೊತ್ತು ನೆತ್ತಿ ಮ್ಯಾಲೆ ಬಂತು, ಸೂಳೇಮಗನ. ಇಷ್ಟೊತ್ತಿಗೆ ನೀನು ಅರ್ಧ ಊರು ಸುತ್ತಿ ಬಂದಿರಬೇಕಿತ್ತು."

ಏಕಾಂತಪ್ಪ ಗೌಡರು ಜಗಲಿಯ ಮೇಲೆ ಕುಳಿತು ಹೀಗೆ ಅಂದಾಗ ಹುಲುಗಪ್ಪ ಅಂಗಳದ ಅಂಚಿನ ಬೇವಿನ ಬುಡದಲ್ಲಿ ನಿಂತಿದ್ದ. ಅವನ ಅಪ್ಪ ನಿಲ್ಲುತ್ತಿದ್ದದ್ದೂ ಅಲ್ಲೇ, ತಾತ ನಿಲ್ಲುತ್ತಿದ್ದದ್ದೂ ಅಲ್ಲೇ. ಮರ ದಪ್ಪವಾಯಿತೇ ಹೊರತು ನಿಲ್ಲುವ ಜಾಗ ಒಂದು ಗೇಣೂ ಮುಂದಕ್ಕೆ ಬಂದಿರಲಿಲ್ಲ.

"ಹಲಗಿ ಮೆತ್ತಗಾಗೈತ್ರಿ ಗೌಡ್ರ," ಎಂದ ಹುಲುಗಪ್ಪ ಬಗ್ಗಿ. "ಬೆಂಕಿಗೆ ಹಿಡಿದು ಕಾಸಬೇಕು. ಯುದ್ಧ ಅಂದ್ರ ಸುಮ್ಮನ ಆತೇನ್ರಿ, ಹಲಗೀನೂ ಬಿಸಿ ಆಗಬೇಕಲ್ರಿ."

ಗೌಡರು ಅವನ ಮುಖವನ್ನು ದಿಟ್ಟಿಸಿ ನೋಡಿದರು. ಹುಲುಗಪ್ಪನ ಮಾತಿನಲ್ಲಿ ಇದೇ ತೊಂದರೆ. ಕೈ ಮುಗಿದೇ ಹೇಳುತ್ತಾನೆ, ಬೈಯಲಿಕ್ಕೆ ಎಲ್ಲಿ ಹಿಡಿಯಬೇಕು ಅಂತ ತಿಳಿಯುವುದಿಲ್ಲ. ಉಂಡು ಮಲಗಿದ ಮೇಲೆ ಎಲ್ಲೋ ಚುಚ್ಚಿದಂತಾಗುತ್ತದೆ.

ಗಡಿಯಲ್ಲಿ ಏನೋ ಆಗಿತ್ತು. ಏನಾಗಿದೆ ಅನ್ನುವುದು ಊರಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ, ಆದರೆ ಯುದ್ಧ ಆಗಲೇಬೇಕು ಅನ್ನುವುದು ಎಲ್ಲರಿಗೂ ಗೊತ್ತಿತ್ತು. ಟಿವಿಯವರು ಹಗಲೂ ರಾತ್ರಿ ಕಿರುಚುತ್ತಿದ್ದರು. ಗೌಡರ ಮಗ ಶಿವಶಂಕರ ಬೈಕಿಗೆ ಬಾವುಟ ಕಟ್ಟಿಕೊಂಡು ಕಾನಹೊಸಹಳ್ಳಿಗೂ ಊರಿಗೂ ಎಡೆಬಿಡದೆ ಓಡಾಡುತ್ತ, ತಾನು ಓಡಾಡಿದ್ದನ್ನು ತಾನೇ ವಿಡಿಯೊ ಮಾಡಿ ಹಾಕುತ್ತಿದ್ದ. ಶತ್ರು ಕಾನಹೊಸಹಳ್ಳಿ ಬಸ್‌ಸ್ಟ್ಯಾಂಡಿಗೆ ಬಂದು ಇಳಿದಿದ್ದರೆ ಅವನ ಕಣ್ಣು ತಪ್ಪಿಸುವುದು ಕಷ್ಟವಿತ್ತು.

ಈ ಬಿಸಿಯಲ್ಲೇ ಗೌಡರಿಗೆ ಒಂದು ವಿಚಾರ ಹೊಳೆದಿತ್ತು. "ಯುದ್ಧ ಬೇಕೋ ಬ್ಯಾಡೋ ಅಂತ ದಿಲ್ಲ್ಯಾಗ ನಾಕು ಮಂದಿ ಕುಂತು ಹೇಳಾದಲ್ಲಲೇ. ಜನಾನ ಓಟು ಹಾಕಿ ಹೇಳಬೇಕು. ಅವ್ರು ಕೇಳದಿದ್ರ ನಾವಾ ಹಾಕಿ ತೋರಸಾಣ. ಇವತ್ತು ಸಂಜಿಕೆ ಅಗಸಿ ಕಟ್ಟಿ ಮುಂದ ಊರೆಲ್ಲ ಕೈ ಎತ್ತಬೇಕು. ಶಿವಶಂಕರ ವಿಡಿಯೊ ಮಾಡ್ತಾನ. ಅದು ಎಲ್ಲಿಗೆ ಮುಟ್ಟಬೇಕೋ ಅಲ್ಲಿಗೆ ಮುಟ್ಟತೈತಿ." ಎಲ್ಲಿಗೆ ಮುಟ್ಟಬೇಕು ಅನ್ನುವುದೂ ಊರಿಗೆ ಗೊತ್ತಿತ್ತು. ಜಿಲ್ಲಾ ಪಂಚಾಯ್ತಿಯ ಟಿಕೆಟ್ ಕೊಡುವವರ ಫೋನಿಗೆ ಮುಟ್ಟಬೇಕಿತ್ತು.

"ನಿನ್ನ ಮಗನೂ ಅಲ್ಲೇ ಗಡಿಯಾಗ ಅದಾನಲ್ಲ," ಎಂದರು ಗೌಡರು, ದನಿ ಸ್ವಲ್ಪ ಇಳಿಸಿ. "ಅವನಪ್ಪನ ಕೈಲೇ ಸಾರಸಾಕತ್ತೀನಿ. ಎಂಥಾ ಮರ್ಯಾದಿ ನೋಡು ನಿನಗ."

ಗೌಡರ ಹೆಂಡತಿ ಪುಷ್ಪಲತಾ ಚಹ ತಂದರು. ಹುಲುಗಪ್ಪ ಬೇವಿನ ಕವಲಿನಲ್ಲಿ ಸಿಕ್ಕಿಸಿದ್ದ ಪಿಂಗಾಣಿ ಕಪ್ಪನ್ನು ತೆಗೆದು ಹಿಡಿದ, ಅವರು ಮೇಲಿನಿಂದ ಸುರಿದರು. ಹಿಂದೆ ಅಲ್ಲಿ ತೆಂಗಿನ ಚಿಪ್ಪು ಇರುತ್ತಿತ್ತು. ಹೋದ ಸಲ ಮಗ ಸಂಜೀವ ರಜೆಗೆ ಬಂದಾಗ ಗೌಡರು ಅವನನ್ನು ಮಿಲಿಟರಿ ಡ್ರೆಸ್ಸಿನಲ್ಲೇ ಬರಹೇಳಿ, ಅಂಗಳದಲ್ಲಿ ಕುರ್ಚಿ ಹಾಕಿಸಿ, ಒಳಗಿನ ಕಪ್ಪಿನಲ್ಲಿ ಚಹ ಕೊಟ್ಟು ಫೋಟೊ ತೆಗೆಸಿಕೊಂಡಿದ್ದರು. ಅವನು ಅತ್ತ ಹೋದ ಮೇಲೆ ಕಪ್ಪು ಮತ್ತೆ ಒಳಗೆ ಹೋಗಲಿಲ್ಲ, ಬೇವಿನ ಕವಲಿಗೆ ಬಂತು. ಹುಲುಗಪ್ಪ ಅದನ್ನು "ನನ್ನ ಮಗ ಗೆದ್ದ ಕಪ್ಪು" ಅಂತ ಕೇರಿಯಲ್ಲಿ ಹೇಳಿ ನಗಿಸುತ್ತಿದ್ದ. ಹೆಂಡತಿ ಕನಕಮ್ಮ ಒಬ್ಬಳೇ ಆ ಮಾತಿಗೆ ನಕ್ಕಿರಲಿಲ್ಲ.

ಅವನು ಹಲಗೆ ಕಾಸಲು ಮನೆಗೆ ಬಂದಾಗ ಕನಕಮ್ಮ ಬಾಗಿಲಲ್ಲಿ ಕುಳಿತಿದ್ದಳು. ಗೌಡರ ಗೋದಾಮಿನಲ್ಲಿ ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುವ ಕೆಲಸ ಅವಳದು. ಬೆರಳೆಲ್ಲ ಕಪ್ಪಾಗಿ ಹುಳಿ ವಾಸನೆ ಹೊಡೆಯುತ್ತಿದ್ದವು. ಅವಳ ಮಡಿಲಲ್ಲಿ ಫೋನಿತ್ತು. ಗಡಿಯ ಗಲಾಟೆ ಸುರುವಾದ ಮೇಲೆ ಸಂಜೀವ ಫೋನು ಮಾಡಿರಲಿಲ್ಲ. ಇವರು ಮಾಡಿದರೆ ಯಾವುದೋ ಹೆಣ್ಣುಮಗಳು ಹಿಂದಿಯಲ್ಲಿ ಏನೋ ಹೇಳುತ್ತಿದ್ದಳು. ಕನಕಮ್ಮ ಅವಳ ಮಾತನ್ನು ಪೂರ್ತಿ ಕೇಳಿಸಿಕೊಂಡೇ ಕಟ್ ಮಾಡುತ್ತಿದ್ದಳು.

"ಸಂಜೀವನಪ್ಪಾ, ನೀನು ಇವತ್ತು ಆ ಹಲಗಿ ಬಡಿದ್ರ ಈ ಹೊಸ್ತಿಲ ತುಳೀಬ್ಯಾಡ," ಎಂದಳು.

"ನಾ ಬಡೀದಿದ್ರ ಯುದ್ಧ ನಿಂದ್ರತೈತೇನ? ಮೈಲಾರೇಶ ಆಟೋಕ್ಕ ಮೈಕ್ ಕಟಿಗೊಂಡು ಕೂಗ್ತಾನ."

"ಕೂಗ್ಲಿ. ಅವನ ಮಗ ಅಲ್ಲಿ ಇಲ್ಲ."

"ನಾಳಿಗೆ ನಿನ್ನ ಹುಣಸಿ ಕೆಲಸಕ್ಕ ಕರಿಯಂಗಿಲ್ಲ ನೋಡು."

"ಕರೀದಿದ್ರ ಕೈ ಬೆಳ್ಳಗಾಗತಾವು ಬಿಡು." ಅವಳು ಫೋನನ್ನು ಸೆರಗಿನಿಂದ ಒರೆಸಿದಳು. "ಅಲ್ಲಾ, ಯುದ್ಧಕ್ಕ ಬರ್ರಿ ಅಂತ ಕೂಗೋ ಬಾಯೀನೂ ಉಂಡೇನಪ್ಪಾ ಸಂಜೀವ ಅಂತ ಕೇಳೋ ಬಾಯೀನೂ ಒಂದ ಹೆಂಗಾಗತೈತಿ ನಿಂದು?"

ಊರಿನವರ ಮುಂದೆ ಸದಾ ಹರಿತವಾಗಿರುವ ಹುಲುಗಪ್ಪನ ನಾಲಿಗೆ ಹೆಂಡತಿಯ ಮುಂದೆ ಬಂದರೆ ಮೊಂಡಾಗುತ್ತಿತ್ತು. ಹಲಗೆ ಕಾಸಿದ, ಹೆಗಲಿಗೆ ಹಾಕಿದ, ಹೋದ. ಹೋಗುವಾಗ ಅವಳ ಕಡೆ ನೋಡಲಿಲ್ಲ.

"ಕೇಳ್ರಪೋ ಕೇಳ್ರಿ. ಸಂಜಿಕೆ ಅಗಸಿ ಕಟ್ಟಿಗೆ ಬರಬೇಕಂತ್ರಪೋ. ಯುದ್ಧ ಬೇಕೋ ಬ್ಯಾಡೋ, ಕೈ ಎತ್ತಿ ಹೇಳಬೇಕಂತ್ರಪೋ." ಓಣಿ ಓಣಿ ತಿರುಗಿ ಸಾರಿದ. ಇಷ್ಟು ವರ್ಷ ಸಾವು ಸಾರಿದ್ದಾನೆ, ಕಳೆದ ಎಮ್ಮೆ ಸಾರಿದ್ದಾನೆ, ರೇಷನ್ ಬಂದದ್ದು ಸಾರಿದ್ದಾನೆ. ಇವತ್ತಿನ ಹಾಗೆ ಹಲಗೆ ಎದೆಗೇ ಬಡಿದಂತೆ ಯಾವತ್ತೂ ಆಗಿರಲಿಲ್ಲ.

ಸಂಜೆ ಊರಬಾಗಿಲ ಅಗಸಿಯ ಮುಂದೆ ಜನ ಜಾತ್ರೆ. ಊರಿನವರು ಕಟ್ಟೆಯ ಸುತ್ತ, ಕೇರಿಯವರು ಆಚೆ ಬದಿಗೆ ಚರಂಡಿಯ ಪಕ್ಕ. ಗೌಡರು ಮಾತಾಡಿದರು. ನಮ್ಮ ದೇಶ, ನಮ್ಮ ಮಣ್ಣು, ನಮ್ಮ ರಕ್ತ ಅಂದರು. ಶಿವಶಂಕರ ಕೋಲಿನ ತುದಿಗೆ ಫೋನು ಸಿಕ್ಕಿಸಿ ಎತ್ತಿ ಹಿಡಿದಿದ್ದ. ಕೇರಿಯ ಮುದುಕಿ ಪಾಲಮ್ಮ ಮೆಲ್ಲಗೆ ಕೇಳಿದಳು:

"ಗೌಡ್ರ, ನಮ್ಮ ಕೈನೂ ಎಣಸ್ತೀರೇನ್ರಿ?"

"ನಿಮ್ಮದೇನು ಬ್ಯಾರೆ ಎಣಸಾದು? ಊರು ಎತ್ತಿದ್ರ ನೀವೂ ಎತ್ತಿದಂಗ."

"ಹಂಗಾರ ಚಲೋ ಆತು ಬಿಡ್ರಿ, ನನ್ನ ರಟ್ಟಿ ಬ್ಯಾರೆ ನೋಯ್ತಿತ್ತು," ಎಂದಳು ಪಾಲಮ್ಮ.

ಯುದ್ಧ ಬೇಕು ಅನ್ನುವವರು ಕೈ ಎತ್ತಿ ಎಂದು ಗೌಡರು ತಾವೇ ಮೊದಲು ಎತ್ತಿದ್ದೇ ತಡ, ಕೈಗಳು ಎದ್ದವು. ಆಟೋದ ಮೈಲಾರೇಶ ಎರಡೂ ಕೈ ಎತ್ತಿದ. ಕಿರಾಣಿ ಅಂಗಡಿಯ ಬಸಲಿಂಗಮ್ಮ ಒಂದು ಕೈಯಲ್ಲಿ ಸೆರಗು ಹಿಡಿದು ಇನ್ನೊಂದು ಕೈ ಎತ್ತಿದಳು. ಶಿವಶಂಕರನ ಕೈಯಲ್ಲಿ ಕೋಲಿದ್ದದ್ದರಿಂದ ಅದನ್ನೇ ಇನ್ನೂ ಮೇಲಕ್ಕೆ ಎತ್ತಿದ. ಹಣೆ ತುಂಬ ವಿಭೂತಿ ಹಚ್ಚಿಕೊಂಡ ಹಿರಿಯರು ಸಮಾರಾಧನೆಗೆ ಕರೆದಷ್ಟು ಸಂತೋಷದಿಂದ ಎತ್ತಿದರು.

"ಬ್ಯಾಡ ಅನ್ನೋರು ಯಾರಾದ್ರೂ ಅದೀರೇನಪಾ?" ಎಂದು ಗೌಡರು ನಗೆಯಾಡಿದರು.

ಚರಂಡಿಯ ಬದಿಯಿಂದ ಒಂದು ಕೈ ಎದ್ದಿತು. ಹುಣಸೆಯ ಕಪ್ಪು ಅಂಟಿದ ಕೈ.

ಶಿವಶಂಕರ ಫೋನು ಕೆಳಗಿಳಿಸಿದ. ಗೌಡರು ಹಲ್ಲು ಕಾಣುವಂತೆ ನಕ್ಕರು. "ಏ ಕನಕಿ, ಮಿಲಿಟ್ರಿ ಪಗಾರ ತಿನ್ನಾಕ ಬೇಕು, ಗುಂಡು ಬ್ಯಾಡೇನು? ನಿನ್ನ ಮಗ ಅಲ್ಲಿ ಅಡಿಗಿ ಮಾಡಾಕ ಹೋಗ್ಯಾನಂತ ತಿಳಕಂಡಿಯೇನ?"

ಜನ ನಕ್ಕರು. ಹುಲುಗಪ್ಪನೂ ನಕ್ಕ. ನಗಬೇಕು ಅಂತ ನಗಲಿಲ್ಲ. ಗೌಡರು ನಕ್ಕಾಗ ತಾನೂ ನಗುವುದು ಅವನ ಬಾಯಿಗೆ ಚಿಕ್ಕಂದಿನಿಂದ ಆದ ರೂಢಿ, ಅವನನ್ನು ಕೇಳದೇ ಅದು ತೆರೆದುಕೊಂಡಿತ್ತು. ಕನಕಮ್ಮ ಕೈ ಇಳಿಸಲಿಲ್ಲ. ಗೌಡರನ್ನೂ ನೋಡಲಿಲ್ಲ. ಗಂಡನ ಬಾಯನ್ನೇ ನೋಡುತ್ತಿದ್ದಳು.

ಅವನು ಮನೆಗೆ ಬಂದಾಗ ಬಾಗಿಲಿಗೆ ಒಳಗಿನಿಂದ ಚಿಲಕ ಬಿದ್ದಿತ್ತು. ಕೂಗಲು ಮುಖ ಇರಲಿಲ್ಲ. ಹೊರಗೆ ಕಟ್ಟೆಯ ಮೇಲೆ ಕುಳಿತ. ಮಗನ ಸಾವಿಗೆ ಕೈ ಎತ್ತಿದವರ ಜೊತೆ ಹಲ್ಲು ಕಿರಿದೆನಲ್ಲ ಅಂತ ತನ್ನ ಬಾಯಿಗೆ ತಾನೇ ಬಡಿದುಕೊಳ್ಳಬೇಕು ಅನ್ನಿಸಿತು. ಹಲಗೆಯನ್ನು ಗೋಡೆಗೆ ಒರಗಿಸಲು ಹೋದಾಗ ಮೂಲೆಯಲ್ಲಿ ಕೆಮ್ಮಣ್ಣಿನ ಚಿಪ್ಪು ಕಾಲಿಗೆ ತಾಕಿತು. ಅವನು ಅದನ್ನು ಕೈಗೆ ತೆಗೆದುಕೊಂಡು ಸುಮಾರು ಹೊತ್ತು ನೋಡಿದ. ಆಮೇಲೆ ಮೀಸೆಯಲ್ಲೇ ಸಣ್ಣಗೆ ನಕ್ಕ. ಈ ಸಲದ ನಗು ಅವನದೇ ಆಗಿತ್ತು.

ಊರಲ್ಲಿ ಕೈ ಎತ್ತುವುದಕ್ಕೆ ಒಂದು ರೂಢಿಯಿತ್ತು. ಮಳೆಗಾಲಕ್ಕೆ ಮುಂಚೆ ಕೆರೆಯ ತೂಬಿನ ಕೆಸರು ಬಳಿದು ತೆಗೆಯಬೇಕು. ಹೂಳೆತ್ತಲು ಜೆಸಿಬಿ ಬಂದರೂ ತೂಬಿನ ಬಾಯಿಗೆ ಮನುಷ್ಯರೇ ಇಳಿಯಬೇಕು. ಈ ಕೆಲಸ ಆಗಬೇಕು ಅಂತ ಅಗಸಿಯಲ್ಲಿ ಯಾವ ಮನೆಯವರು ಕೈ ಎತ್ತುತ್ತಾರೋ ಆ ಮನೆಯಿಂದ ಒಂದಾಳು ಹೋಗಬೇಕು. ಮಾರನೆಯ ಬೆಳಿಗ್ಗೆ ಹಲಗೆಯವನು ಬಂದು ಆ ಮನೆಯ ಬಾಗಿಲ ಚೌಕಟ್ಟಿಗೆ ಕೆಮ್ಮಣ್ಣಿನ ಪಟ್ಟೆ ಎಳೆಯುತ್ತಾನೆ. ವರ್ಷದಲ್ಲಿ ಆ ಒಂದು ದಿನ ಮಾತ್ರ ಅವನು ಜಗಲಿ ಹತ್ತಬಹುದು, ಅವನ ಕೈ ಮೇಲ್ಜಾತಿಯವರ ಮೇಲೋಣಿಯ ಬಾಗಿಲು ಮುಟ್ಟಬಹುದು. ಪಟ್ಟೆಯನ್ನು ಮನೆಯವರು ಅಳಿಸುವಂತಿಲ್ಲ. ಹೋದ ಆಳು ಮರಳಿ ಬಂದು ತನ್ನ ಕೈಯಿಂದಲೇ ಒರೆಸಬೇಕು. ಮೇಲೋಣಿಯವರು ತಮ್ಮ ಮಕ್ಕಳನ್ನು ಯಾವತ್ತೂ ತೂಬಿಗೆ ಇಳಿಸಲಿಲ್ಲ ಅನ್ನುವುದು ಬೇರೆ ಮಾತು. ಗೌಡರ ಮನೆಯ ಆಳಾಗಿ ಇಳಿದವನು ಹುಲುಗಪ್ಪನ ತಾತ, ಅವನ ನಂತರ ಅಪ್ಪ, ಅಪ್ಪನ ನಂತರ ಹುಲುಗಪ್ಪ. ಅಪ್ಪ ಒಂದು ವರ್ಷ ಇಳಿದವನು ಮೇಲೆ ಬರಲಿಲ್ಲ. ಗೌಡರ ಬಾಗಿಲ ಪಟ್ಟೆಯನ್ನು ಆ ವರ್ಷ ಯಾರೂ ಒರೆಸಲಿಲ್ಲ. ದೀಪಾವಳಿಗೆ ಅದರ ಮೇಲೆ ಸುಣ್ಣ ಹೊಡೆದರು.

ಬೆಳಕು ಹರಿಯುವ ಹೊತ್ತಿಗೆ ಹುಲುಗಪ್ಪ ಕೆಮ್ಮಣ್ಣು ಕಲಸಿಕೊಂಡು ಮೇಲೋಣಿಗೆ ಹೊರಟಿದ್ದ. ಮೊದಲು ಸಿಕ್ಕಿದ್ದು ಮೈಲಾರೇಶನ ಮನೆ.

"ಏನಲೇ, ತೂಬಿನ ಕೆಲಸ ಇನ್ನಾ ದೂರ ಐತೆಲ್ಲೋ," ಎಂದ ಮೈಲಾರೇಶ ಹಲ್ಲುಜ್ಜುತ್ತ.

"ತೂಬಿಂದಲ್ರಿ ಯಜಮಾನ್ರ, ಯುದ್ಧದ್ದು. ನಿನ್ನಿ ಕೈ ಎತ್ತಿದ್ರಲ್ರಿ. ಎರಡೂ ಎತ್ತಿದ್ರಿ, ನಾ ನೋಡೀನಿ. ಎರಡು ಪಟ್ಟಿ ಹಚ್ಚಲೇನ್ರಿ?"

ಮೈಲಾರೇಶನ ಬಾಯಲ್ಲಿದ್ದ ಬ್ರಷ್ಷು ಅಲ್ಲೇ ನಿಂತಿತು. "ಲೇ, ಅದು ಸುಮ್ಮನ ವಿಡಿಯೊಕ್ಕೋ ಮಾರಾಯಾ."

"ನನಗ ವಿಡಿಯೊ ಎಲ್ಲಿ ತಿಳೀತೈತ್ರಿ. ಕೈ ಎತ್ತಿದ್ರ ಪಟ್ಟಿ ಹಚ್ಚಾದು ನಮ್ಮಪ್ಪ ಹೇಳಿಕೊಟ್ಟಿದ್ದು. ಆಳು ಯಾರು ಅಂತ ನಿಧಾನಕ ಯೋಚನಿ ಮಾಡ್ರಿ. ಬಟ್ಟಿ ಬೆಚ್ಚಗ ಕಟ್ಟಿ ಕಳಸ್ರಿ, ಅಲ್ಲಿ ಭಾಳ ಥಂಡಿಯಂತ, ನನ್ನ ಮಗ ಹೇಳತಿದ್ದ."

ಬಸಲಿಂಗಮ್ಮ ತನ್ನ ಮಗನಿಗೆ ಮೊಣಕಾಲು ನೋವು ಅಂದಳು. ಹಾಗಿದ್ದರೆ ಕುಳಿತು ಗುಂಡು ಹೊಡೆಯುವ ಕೆಲಸವೂ ಇರುತ್ತದಂತೆ ಎಂದು ಹುಲುಗಪ್ಪ ಸಮಾಧಾನ ಹೇಳಿ ಪಟ್ಟೆ ಎಳೆದ. ಒಬ್ಬರ ಮಗ ದಾವಣಗೆರೆಯಲ್ಲಿ ಓದುತ್ತಿದ್ದ. ಇನ್ನೊಬ್ಬರ ಮಗನಿಗೆ ಹೆಣ್ಣು ನೋಡಿಯಾಗಿತ್ತು. ಹಿರಿಯರೊಬ್ಬರು, ತಾನು ಕೈ ಎತ್ತಲೇ ಇಲ್ಲ, ಬೆವರು ಒರೆಸಿಕೊಳ್ಳಲು ರಟ್ಟೆ ಮೇಲೆ ಮಾಡಿದ್ದೆ ಎಂದರು. ಹುಲುಗಪ್ಪ ಎಲ್ಲರಿಗೂ ಹೌದ್ರಿ ಅಂದ, ಎಲ್ಲರ ಚೌಕಟ್ಟಿಗೂ ಕೆಮ್ಮಣ್ಣು ಹಚ್ಚಿದ. ಅವನು ಮುಂದಿನ ಮನೆಗೆ ಹೋಗುತ್ತಿದ್ದಂತೆ ಹಿಂದೆ ಕೊಡ ಉರುಳುವ, ನೀರು ಎರಚುವ, ಕಸಬರಿಗೆ ತಿಕ್ಕುವ ಸಪ್ಪಳ. ಮೇಲೋಣಿಯ ಬಾಗಿಲುಗಳು ಹಬ್ಬಕ್ಕೂ ಅಷ್ಟು ಚೊಕ್ಕವಾಗಿರಲಿಲ್ಲ. ಚರಂಡಿ ಕೆಂಪಾಗಿ ಕೇರಿಯ ಕಡೆಗೆ ಹರಿಯತೊಡಗಿತು.

ಕಡೆಗೆ ಗೌಡರ ಮನೆ. ಗೌಡರ ತಾಯಿ ಉಚ್ಚಂಗೆಮ್ಮ ಜಗಲಿಯ ಮೇಲೆ ಚಾಪೆ ಹಾಸಿಕೊಂಡು ಕುಳಿತಿದ್ದರು. ಕಣ್ಣು ಮಂಜಾಗಿದ್ದರೂ ಕೆಮ್ಮಣ್ಣಿನ ವಾಸನೆ ಅವರಿಗೆ ತಿಳಿಯಿತು.

"ಹುಲುಗನೇನೋ? ಕೈ ಎತ್ತಿದ್ರೇನು ನಮ್ಮ ಮನ್ಯಾಗ?"

"ಮೊದ್ಲು ಎತ್ತಿದ್ದ ನಿಮ್ಮ ಮನಿಯವ್ರು ಅವ್ವಾರ."

"ಹಂಗಾರ ದಪ್ಪಗ ಹಚ್ಚು. ಕಾಣಬೇಕು." ಹುಲುಗಪ್ಪ ಜಗಲಿ ಹತ್ತಿ ದಪ್ಪಗೆ ಹಚ್ಚಿ ಇಳಿದ. ಮುದುಕಿ ಒಳಕ್ಕೆ ಕೂಗಿದರು. "ಪುಷ್ಪಲತಾ, ಶಿವಶಂಕರನ್ನ ಎಬ್ಬಸು. ಯುದ್ಧಕ್ಕ ಆಳು ಹೋಗಬೇಕಂತ. ನಾಕು ರೊಟ್ಟಿ ಜಾಸ್ತಿ ಬಡಿ."

ಒಳಗೆ ಏನೋ ಪಾತ್ರೆ ಬಿದ್ದ ಸಪ್ಪಳವಾಯಿತು. ಪುಷ್ಪಲತಾ ಬಾಗಿಲಿಗೆ ಬಂದು ಪಟ್ಟೆ ನೋಡಿ ಅಲ್ಲೇ ನಿಂತುಬಿಟ್ಟರು. ಅವರ ಹಿಂದೆ ಗೌಡರು ಲುಂಗಿ ಸರಿಪಡಿಸಿಕೊಳ್ಳುತ್ತ ಬಂದರು. ಅಷ್ಟರಲ್ಲಿ ಬಾಗಿಲು ತೊಳೆದು ಮುಗಿಸಿದ ಮೇಲೋಣಿಯ ಜನ ಅಂಗಳದಲ್ಲಿ ನೆರೆದಿದ್ದರು. ಮೋಜು ನೋಡಲು ಕೇರಿಯವರೂ ಬಂದಿದ್ದರು. ಅವರ ಹಿಂದೆ ಕನಕಮ್ಮ, ಕೈಯಲ್ಲಿ ಫೋನು.

"ಯಾರಪ್ಪನ ಮನಿ ಅಂತ ಮಾಡೀಯಲೇ ಇದನ್ನ, ಹಾದರಗಿತ್ತಿ ಮಗನ," ಎಂದು ಗೌಡರು ಕೊಡಕ್ಕೆ ಕೈ ಹಾಕಿದರು.

"ನೀರು ಹಾಕಿದ್ರ ನೋಡು," ಎಂದರು ಉಚ್ಚಂಗೆಮ್ಮ. "ಕೆಮ್ಮಣ್ಣು ತೊಳೆದ ಮನಿ ಅನ್ನಿಸಿಕೋಬ್ಯಾಡ. ಆಳು ಬಂದು ಒರಸಬೇಕು."

ಗೌಡರು ಕೊಡ ಹಿಡಿದು ನಿಂತರು. ಪಕ್ಕದಲ್ಲಿ ಶಿವಶಂಕರ ಕಣ್ಣುಜ್ಜುತ್ತ ಬಂದು ನಿಂತಿದ್ದ. ಅವನಿಗೆ ವಿಷಯ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು, ತಿಳಿದ ಮೇಲೆ ನಿದ್ದೆ ಪೂರ್ತಿ ಹಾರಿತು. ಎಲ್ಲರ ಫೋನುಗಳೂ ಈಗ ಅವನ ಕಡೆಗೇ ತಿರುಗಿದ್ದವು. ಗೌಡರು ಜನರನ್ನು ನೋಡಿದರು, ಮಗನನ್ನು ನೋಡಿದರು, ಹುಲುಗಪ್ಪನನ್ನು ನೋಡಿದರು. ಆಮೇಲೆ ಅವರ ಮುಖ ಅರಳಿತು. ಕೊಡ ಕೆಳಗಿಟ್ಟರು.

"ಲೇ ಹುಲುಗ, ನಮ್ಮ ಮನಿ ಆಳು ಯಾರಲೇ?"

ಹುಲುಗಪ್ಪ ಕೆಮ್ಮಣ್ಣು ಮೆತ್ತಿದ ತನ್ನ ಬೆರಳು ನೋಡಿಕೊಂಡ.

"ನಿಮ್ಮ ತಾತ ಯಾರ ಮನಿ ಆಳಾಗಿ ಇಳಿದಿದ್ದ? ನಿಮ್ಮಪ್ಪ? ನೀನು? ಹಂಗಾದ್ರ ನಿನ್ನ ಮಗ ಸಂಜೀವನೂ ನಮ್ಮ ಮನಿ ಆಳಾ ಅಲ್ಲೇನು? ಅವನು ಯುದ್ಧಕ್ಕ ಆಗ್ಲೇ ಹೋಗ್ಯಾನ. ನಮ್ಮ ಮನಿ ಪಾಲು ಮುಟ್ಟಿತು. ಹೋಗಲೇ, ಮುಖಾ ತೊಳಕ."

ಅಂಗಳ ಹಗುರಾಯಿತು. ಮೈಲಾರೇಶ ಖರೆ ಐತಿ ಖರೆ ಐತಿ ಅಂದ. ತಮಗೂ ಕೇರಿಯಲ್ಲಿ ಇಂಥ ಒಬ್ಬ ಆಳು ಇದ್ದಿದ್ದರೆ ಬಾಗಿಲು ತೊಳೆಯುವ ಕಷ್ಟ ತಪ್ಪುತ್ತಿತ್ತು ಎಂದು ಹಲವರು ಒಳಗೊಳಗೇ ಅಂದುಕೊಂಡರು. ಗೌಡರು ನಕ್ಕರು, ಜನ ನಕ್ಕರು. ಹುಲುಗಪ್ಪನ ತುಟಿ ತನ್ನ ರೂಢಿಯಂತೆ ಅಲುಗಿತು. ಅವನು ಕೆಮ್ಮಣ್ಣಿನ ಕೈಯಿಂದ ಬಾಯಿ ಮುಚ್ಚಿಕೊಂಡ. ನಾಲಿಗೆಯೂ ಎತ್ತಲೋ ಹೋಗಿತ್ತು. ತೂಬಿನ ಬಾಯಲ್ಲಿ ಅಪ್ಪನ ಹಸಿರು ಟವೆಲ್ಲು ಮಾತ್ರ ತೇಲಿ ಬಂದದ್ದು ಕಣ್ಣ ಮುಂದೆ ಬಂತು.

"ಹೌದ್ರಿ ಗೌಡ್ರ," ಅನ್ನುವ ದನಿ ಹಿಂದಿನಿಂದ ಬಂತು. ಕನಕಮ್ಮ ಜನರನ್ನು ಸರಿಸಿಕೊಂಡು ಮುಂದೆ ಬಂದಳು. ಬೇವಿನ ಬುಡದಲ್ಲಿ ನಿಲ್ಲಬೇಕಾದವಳು ನಿಲ್ಲಲಿಲ್ಲ. "ನೀವಾ ಹೇಳಿದ್ರಿ, ಇಷ್ಟು ಮಂದಿ ಕೇಳ್ಯಾರ. ನನ್ನ ಮಗ ನಿಮ್ಮ ಮನಿ ಆಳು. ಹಂಗಾರ ಪಟ್ಟಿ ತೊಳೀಬ್ಯಾಡ್ರಿ. ಅವನು ಬಂದು ಒರಸ್ತಾನ."

"ಒರಸ್ಲಿ ಬಿಡು, ಯಾರು ಬ್ಯಾಡಂದ್ರು."

"ನಮ್ಮ ಮಾವಂದು ಸುಣ್ಣ ಹೊಡೆದು ಮುಚ್ಚಿದ್ರಿ. ಇದನ್ನ ಮುಚ್ಚಗೊಡಂಗಿಲ್ರಿ. ಅವನು ಬರೋ ಮಟ ನಾ ಇಲ್ಲೇ ಇದರ ಮಗ್ಗಲಾಗ ಕುಂದ್ರತೀನಿ."

ಹೇಳಿದವಳೇ ಮೆಟ್ಟಿಲು ಹತ್ತಿ, ಜಗಲಿಯ ಮೇಲೆ, ಪಟ್ಟೆಯ ಕೆಳಗೆ ಬಾಗಿಲಿಗೆ ಒರಗಿ ಕುಳಿತಳು. ಕಾಲು ಮಡಚಿ, ಸೆರಗು ಸರಿಮಾಡಿಕೊಂಡು, ಫೋನನ್ನು ಮಡಿಲಲ್ಲಿಟ್ಟುಕೊಂಡಳು. ಆ ಜಗಲಿಯ ಮೇಲೆ ಕೇರಿಯವರು ಹೀಗೆ ಕುಳಿತದ್ದನ್ನು ಊರು ಎಂದೂ ಕಂಡಿರಲಿಲ್ಲ.

"ಏ, ಇಳಿಯೇ ಕೆಳಗ, ಬೋಸುಡಿ," ಎಂದು ಗೌಡರು ಒಂದು ಹೆಜ್ಜೆ ಮುಂದಿಟ್ಟರು. ಅಷ್ಟೂ ಫೋನುಗಳು ಅವರ ಕಡೆ ತಿರುಗಿದವು. ಗಡಿಯಲ್ಲಿರುವ ಯೋಧನ ತಾಯಿಯನ್ನು ಜಗಲಿಯಿಂದ ದಬ್ಬಿದ ವಿಡಿಯೊ ಟಿಕೆಟ್ ಕೊಡುವವರ ಫೋನಿಗೆ ಎಷ್ಟು ಬೇಗ ಮುಟ್ಟುತ್ತದೆ ಅನ್ನುವುದು ಗೌಡರಿಗೆ ಬೇರೆಯವರು ಹೇಳಬೇಕಾಗಿರಲಿಲ್ಲ. ಹೆಜ್ಜೆ ಅಲ್ಲೇ ನಿಂತಿತು.

ಉಚ್ಚಂಗೆಮ್ಮ ತಮ್ಮ ಚಾಪೆಯನ್ನು ಸ್ವಲ್ಪ ಪಕ್ಕಕ್ಕೆ ಎಳೆದುಕೊಂಡರು. ಮೈಲಿಗೆ ಆದೀತು ಅಂತ ಎಳೆದುಕೊಂಡರೋ, ಜಾಗ ಬಿಡಲು ಎಳೆದುಕೊಂಡರೋ, ಅವರು ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ.

"ನಿನ್ನಿ ಕೇಳಿದ್ರಲ್ರಿ, ಯುದ್ಧ ಬೇಕೋ ಬ್ಯಾಡೋ ಅಂತ," ಎಂದಳು ಕನಕಮ್ಮ, ಯಾವ ಸಿಟ್ಟೂ ಇಲ್ಲದೆ. "ಚಲೋ ಪ್ರಶ್ನಿ. ಜನಾನ ಕೇಳಬೇಕು, ಅದು ಖರೆ. ಚರಂಡಿ ಮಗ್ಗಲ ನಿಂತಿದ್ದೆ ನೋಡ್ರಿ, ನನ್ನ ಕೈ ನಿಮಗ ಸರಿಯಾಗಿ ಕಾಣಲಿಲ್ಲ. ಈಗ ಇನ್ನೊಂದು ಸಲ ಕೇಳ್ರಿ."

ಗೌಡರು ಕೇಳಲಿಲ್ಲ. ಅವರು ಕೇಳುವ ತನಕ ಅವಳು ಕಾಯಲೂ ಇಲ್ಲ. ಕಪ್ಪು ಕೈಯನ್ನು ಎತ್ತಿದಳು. ಅದು ಪಟ್ಟೆಯ ಪಕ್ಕಕ್ಕೇ ಬಂತು. ಅಂಗಳದ ಆಚೆ ಬದಿಯಲ್ಲಿ ಪಾಲಮ್ಮ ತನ್ನ ನೋಯುವ ರಟ್ಟೆಯನ್ನು ಇನ್ನೊಂದು ಕೈಯಿಂದ ಆಸರೆ ಕೊಟ್ಟು ಮೇಲೆತ್ತಿದಳು. ಮೇಲೋಣಿಯವರು ತಮ್ಮ ಕೈಗಳನ್ನು ಎಲ್ಲಿಟ್ಟುಕೊಳ್ಳಬೇಕೋ ತಿಳಿಯದೆ ಬೆನ್ನ ಹಿಂದೆ ಕಟ್ಟಿಕೊಂಡರು.

ಹುಲುಗಪ್ಪ ಬೇವಿನ ಬುಡಕ್ಕೆ ಹೋದ. ಕವಲಿನಿಂದ ಪಿಂಗಾಣಿ ಕಪ್ಪನ್ನು ತೆಗೆದು, ಅಂಗಿಯ ತುದಿಯಿಂದ ಒರೆಸಿ, ಅಂಗಳ ದಾಟಿ ಬಂದ. ಮತ್ತೆ ಜಗಲಿ ಹತ್ತಿ ಹೆಂಡತಿಯ ಪಕ್ಕದಲ್ಲಿ ಅದನ್ನು ಇಟ್ಟ. ಅವನ ನಾಲಿಗೆ ತಿರುಗಿ ಬಂದಿತ್ತು.

"ಪುಷ್ಪಕ್ಕಾರ," ಎಂದ, ಕೈ ಮುಗಿದು, "ಚಾ ಆಗೈತೇನ್ರಿ? ನಿಮ್ಮ ಆಳಿನ ತಾಯಿ ಬಂದಾಳ. ರಾತ್ರಿಯಿಂದ ಏನೂ ಕುಡಿದಿಲ್ಲ."

ಕನಕಮ್ಮ ಅವನ ಬಾಯನ್ನು ನೋಡಿದಳು. ಅದಕ್ಕೆ ಕೆಮ್ಮಣ್ಣು ಮೆತ್ತಿತ್ತು. ಇನ್ನೊಂದು ಕೈಯಿಂದ ಸೆರಗು ಹಿಡಿದು ಒರೆಸಿದಳು. ಎತ್ತಿದ ಕೈಯನ್ನು ಇಳಿಸಲಿಲ್ಲ. ಬಿಸಿಲು ಜಗಲಿಗೆ ಏರಿತು. ಒಳಗಿನಿಂದ ಚಹ ಬರಲಿಲ್ಲ, ಮಡಿಲಲ್ಲಿದ್ದ ಫೋನೂ ಸದ್ದು ಮಾಡಲಿಲ್ಲ. ಅವಳು ಕುಳಿತೇ ಇದ್ದಳು.